ಹಸನೈನನ ಉಸಿರು

ಅಲೆಕ್ಸಾಂಡ್ರಿಯದ ಚಳಿಗಾಲದ ಮಳೆ ಉತ್ಸವದ ಡೇರೆಯ ಮೇಲೆ ಸುರಿಯುತ್ತಿತ್ತು. ಸ್ತುತಿ ಹಾಡುವವರೂ ಕೇಳಲು ಬಂದ ನಾವೂ ಚಹಾದ ಲೋಟ ಹಿಡಿದು ಒತ್ತಿಕೊಂಡು ಕೂತಿದ್ದೆವು. ಮೈಕು, ಸ್ಪೀಕರು ನೋಡಿಕೊಳ್ಳುವ ಬಯ್ಯೂಮಜ್ಜ ನಾಲ್ಕು ಮಾತಿಗೊಮ್ಮೆ ಕೆಮ್ಮುವವರು. ಆದರೂ ಕತೆ ಅವರೇ ಹೇಳಬೇಕು. ಮಳೆಯ ಸದ್ದಿಗೆ ಕೇಳಿಸದೆಂದು ರಿಸೀವರನ್ನು ಎಲ್ಲಿಗೋ ತಿರುಗಿಸಿಟ್ಟು, ತಂತಿಯಿಲ್ಲದ ಮೈಕೊಂದನ್ನು ಕೈಗೆತ್ತಿಕೊಂಡರು.

"ಶೇಖ್ ಮಬ್ರೂಕ್ ಇದೇ ಬೀದೀಲಿ ಪ್ರವಾದಿಯವರ ಸ್ತುತಿ ಹಾಡ್ತಿದ್ರು, ಪಕ್ಕದಲ್ಲಿ ಹಸನೈನ್. ಸಾಲು ಎತ್ತೋ ಮೊದಲು ಗಟ್ಟಿಯಾಗಿ ಉಸಿರೆಳ್ಕೊಳ್ಳೋನು, ಶೇಖರ ಉಸಿರು ಮುಗಿಯೋ ಕಡೆ ತಾನು ಸೇರ್ಕೊಳ್ಳೋನು... ಒಂದು ವರ್ಷ ಉತ್ಸವಕ್ಕೆ ಮೊದಲೇ ಅವನು ತೀರ್ಕೊಂಡ. ಶೇಖರಿಗೋ ಉಬ್ಬಸ. 'ಇವತ್ತು ಸಾಲು ತುಂಡಾದ್ರೆ ಇನ್ನು ಹಾಡೋದಿಲ್ಲ, ಬಯ್ಯೂಮಿ' ಅಂದ್ರು.

ನನಗೆ ಬೇರೆ ತಲೆನೋವು. ಮೈಕಿಗೊಂದು ಖಾಲಿ ಫ್ರೀಕ್ವೆನ್ಸಿ ಬೇಕಲ್ಲ? ಹುಡುಕೋದು ಹೇಗೆ? ಮೊದಲು ನಮ್ಮ ಮೈಕೆಲ್ಲ ಆರಿಸ್ಬೇಕು, ಇಲ್ಲಾಂದ್ರೆ ನಮ್ಮ ಸದ್ದೇ ನಮಗೆ ಕೇಳ್ತದೆ. ಆರಿಸಿ, ರಿಸೀವರ್ ತಿರುಗಿಸ್ತಾ ಹೋದೆ. ಒಂದ್ಕಡೆ ಯಾರದೋ ಮದುವೆ, ಇನ್ನೊಂದ್ಕಡೆ ಟಿ.ವಿ.ಯ ಗೊರಗೊರ, ಮತ್ತೊಂದ್ಕಡೆ ಬಂದರಿನವರ ಬೈಗುಳ... ಕಡೆಗೊಂದು ಸಿಕ್ತು ನೋಡಿ, ಬಾವಿ ತಳದ ಹಾಗೆ ನಿಶ್ಶಬ್ದ. ಸದ್ಯ ಅಂತ ಸ್ಪೀಕರಿಗೆ ಕೊಟ್ಟೆ. ಆಗ... ಯಾರೋ ಗಟ್ಟಿಯಾಗಿ ಉಸಿರೆಳ್ಕೊಂಡ್ರು.

'ಇಲ್ಲಿ ಯಾರೋ ಇದ್ದಾರೆ, ಬೇರೆ ಹುಡುಕ್ತೀನಿ' ಅಂದೆ. ಶೇಖ್ ನನ್ನ ಕೈ ಹಿಡಿದ್ರು. 'ತಡವಾಗಿ ಬರೋದು ಅವನ ಹಳೇ ಚಾಳಿ. ಇದನ್ನೇ ಕೊಡು.'

ಹಾಡಿದ್ರು ಮಕ್ಕಳೇ, ಇಳಿಹೊತ್ತಿನ ಅಸರ್ ನಮಾಜಿನಿಂದ ಸೂರ್ಯ ಮುಳುಗಿದ ಮೇಲಿನ ಮಗ್ರಿಬಿನವರೆಗೂ! ಅವರು ಏದುಸಿರು ಬಿಡೋದು ನನಗೆ ಕಾಣ್ತಿತ್ತು, ಸಾಲಿನ ನಡುವೆ ತುಟಿ ಕೂಡಿದ್ದೂ ಕಾಣ್ತಿತ್ತು... ಸಾಲು ಮಾತ್ರ ಮುರೀಲಿಲ್ಲ. ನಗ್ತಾ ಇಳಿದು ಬಂದು, 'ಈ ಜಾಗ ಯಾರಿಗೂ ಕೊಡಬೇಡ, ಉಸಿರು ಸಾಲದವರನ್ನ ಬಿಟ್ಟು' ಅಂದ್ರು. ಅವರೂ ಹೋಗಿ ಎಷ್ಟೋ ಕಾಲ ಆಯ್ತು. ನಮ್ಮ ಕೆಲಸದವರು ಇವತ್ತಿಗೂ ಆ ಫ್ರೀಕ್ವೆನ್ಸಿ ಮುಟ್ಟಲ್ಲ. ಮೈಕೆಲ್ಲ ಆರಿಸಿ ಕಿವಿಗೊಟ್ರೆ ಈಗ... ಎರಡು ಉಸಿರು."

ದಫ್ ಬಾರಿಸುವ ಷಾಬಾನ್ ಕಿಚಾಯಿಸಿದ. "ಅಜ್ಜ, ಆವತ್ತು ನೀವು ಮೈಕ್ ಆರಿಸೋದನ್ನೇ ಮರೆತಿದ್ರೇನೋ."

ಎಲ್ಲರೂ ನಕ್ಕೆವು, ಅಜ್ಜನೂ ನಕ್ಕರು. ಮೈಕನ್ನು ಚಹಾದ ಲೋಟದ ಪಕ್ಕ ಇಟ್ಟರು. ಕೈಬಿಟ್ಟದ್ದೇ ತಡ, ಕೆಮ್ಮು ಒತ್ತರಿಸಿಕೊಂಡು ಬಂತು. ಕೆಮ್ಮಿ ಕೆಮ್ಮಿ, ಸುಧಾರಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ ನೆಮ್ಮದಿಯಿಂದ ಕೇಳಿದರು:

"ಇಷ್ಟು ಹೊತ್ತು ಕತೆ ಹೇಳಿದ್ನಲ್ಲ... ನಾನು ಕೆಮ್ಮಿದ್ದು ಯಾರಿಗಾದ್ರೂ ಕೇಳಿಸ್ತಾ?"