ನಾಲ್ಕು ಗಂಟೆಯ ಮೊಣಕಾಲು

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಎಲ್ಲೋ ಯಾರಿಗೋ ಆದದ್ದಲ್ಲ. ಬೇಕಾದರೆ ಈಗಲೇ ಅವಳ ಮನೆಗೆ ಕರೆದುಕೊಂಡು ಹೋಗಿ ಎದುರಿಗೆ ಕೂರಿಸುತ್ತೇನೆ, ಕೇಳಿ. ಅವಳು ಬಾಯಿ ಬಿಡುವುದಿಲ್ಲ, ಅದು ಬೇರೆ ಮಾತು.

ಹೆರಿಗೆ ವಾರ್ಡಿನಲ್ಲಿ ಅವಳು ಹಿರಿಯ ನರ್ಸು. ಎಲ್ಲರಿಗೂ ದೊಡ್ಡಕ್ಕ. ಆ ದಿನ ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ನಡೆದು ಬರುತ್ತಿದ್ದಳು. ಆಸ್ಪತ್ರೆಯ ಹಿಂದಿನ ದಾರಿ. ಒಂದು ಕಡೆ ಕಾಂಪೌಂಡು ಗೋಡೆ, ಇನ್ನೊಂದು ಕಡೆ ಯಾರೂ ನೀರು ಸೇದದ ಹಳೇ ಬಾವಿ. ಬಾವಿಯ ಮೇಲೆ ಕಬ್ಬಿಣದ ಜಾಲರಿ, ಒಂದು ಮೂಲೆಯಲ್ಲಿ ಮಾತ್ರ ಕೈ ತೂರುವಷ್ಟು ಕಿತ್ತುಹೋಗಿದೆ. ವರ್ಷಗಟ್ಟಲೆ ಓಡಾಡಿದ ದಾರಿ. ಆದರೆ ಹತ್ತು ದಿನದಿಂದ ಅವಳು ಆ ಬಾವಿಯ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಧ್ಯೆ ಬಾಯಿ ಹಾಕಬೇಡಿ.

ಹತ್ತು ದಿನದ ಹಿಂದೆ, ಅವಳದು ರಾತ್ರಿ ಪಾಳಿ ಇದ್ದಾಗ, ವಾರ್ಡಿನಲ್ಲಿ ಒಬ್ಬ ಬಸುರಿ ಇದ್ದಳು. ಟೈಲರ್ ಕೆಲಸದವಳು, ಚೊಚ್ಚಲು. ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ಅದಕ್ಕೆ ನಾಲ್ಕು ಗಂಟೆಗೊಮ್ಮೆ ಮೆಗ್ನೀಷಿಯಂ ಇಂಜೆಕ್ಷನ್. ಜೀವ ಉಳಿಸುವ ಔಷಧಿ ಅದು, ಆದರೆ ಮೈಯಲ್ಲಿ ಹೆಚ್ಚಾಯಿತೋ, ಉಸಿರನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಗಂಟೆಗೊಮ್ಮೆ ರಬ್ಬರಿನ ಪುಟ್ಟ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿ ನೋಡಬೇಕು. ಕಾಲು ಚಿಮ್ಮಿದರೆ ಸರಿ. ಚಿಮ್ಮದಿದ್ದರೆ ಮುಂದಿನ ಸೂಜಿ ಚುಚ್ಚಕೂಡದು. ಉಸಿರು ಎಣಿಸಬೇಕು, ಎಲ್ಲವನ್ನೂ ಆಯಾ ಗಂಟೆಗೆ ಚಾರ್ಟಿನಲ್ಲಿ ಬರೆಯಬೇಕು.

ದೊಡ್ಡಕ್ಕ ಬರೆಯುತ್ತಿದ್ದಳು, ಇಲ್ಲ ಅನ್ನುವಂತಿಲ್ಲ. ಪಾಳಿ ಶುರುವಾಗುವಾಗಲೇ, ಬೆಳಗಿನ ಆರರವರೆಗೆ, ಒಂದೇ ಸಲಕ್ಕೆ. ಮೊಣಕಾಲು ಸರಿ, ಉಸಿರು ಹದಿನೆಂಟು... ಮೊಣಕಾಲು ಸರಿ, ಉಸಿರು ಹದಿನೆಂಟು... ಮೊಣಕಾಲೇನು ಎದ್ದು ಓಡಿಹೋಗುತ್ತಾ ಅಂತ ತಮಾಷೆ ಬೇರೆ. ಇಪ್ಪತ್ತು ವರ್ಷದಲ್ಲಿ ಯಾವ ಮೊಣಕಾಲೂ ಓಡಿಹೋಗಿರಲಿಲ್ಲ ನೋಡಿ.

ಎರಡು ಗಂಟೆಗೆ ಟೈಲರಮ್ಮ ಹೇಳಿದ್ದಳು, "ಅಕ್ಕಾ, ಕಾಲು ನಂದಲ್ಲ ಅನ್ನೋ ಹಾಗಿದೆ... ನಾಲಿಗೆ ದಪ್ಪ ಆಗ್ತಿದೆ."

ಔಷಧಿ ಜೋರು ಕಣಮ್ಮ, ಸುಮ್ಮನೆ ಮಲಕ್ಕೋ ಅಂದು ದೊಡ್ಡಕ್ಕ ಸೂಜಿ ಚುಚ್ಚಿದಳು. ಸುತ್ತಿಗೆ ಡ್ರಾಯರಿನಲ್ಲೇ ಇತ್ತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಉಸಿರು ನಿಂತಿತು. ಹೊಟ್ಟೆಯೊಳಗಿನ ಮಗುವೂ ಉಳಿಯಲಿಲ್ಲ.

ಮೈ ಇನ್ನೂ ಬೆಚ್ಚಗಿತ್ತು. ದೊಡ್ಡಕ್ಕನ ಕಣ್ಣು ಚಾರ್ಟಿನ ಮೇಲೆ ಬಿತ್ತು. ಮೂರು ಗಂಟೆ, ಮೊಣಕಾಲು ಸರಿ. ನಾಲ್ಕು ಗಂಟೆ, ಮೊಣಕಾಲು ಸರಿ. ಐದು ಗಂಟೆ, ಮೊಣಕಾಲು ಸರಿ. ಸತ್ತವಳದು.

ಆ ಹಾಳೆಯನ್ನು ಕಿತ್ತಳು. ಹೊಸ ಹಾಳೆ ಬರೆದಳು. ಅದರಲ್ಲಿ ಎರಡು ಗಂಟೆಯ ಸೂಜಿ ಕೊಟ್ಟವಳು ಗುಬ್ಬಿ. ಗುಬ್ಬಿ ಅಂದರೆ ಜೊತೆಯಲ್ಲಿದ್ದ ಹೊಸ ನರ್ಸು, ಕೆಲಸಕ್ಕೆ ಸೇರಿ ಮೂರು ತಿಂಗಳು. ನಾನಲ್ಲ, ನಾನಲ್ಲ ಅಂತ ಅತ್ತಳು, ಕೇಳುವವರು ಯಾರು? ಮನೆಗೆ ಕಳಿಸಿದರು. ಹಳೇ ಹಾಳೆಯನ್ನು ದೊಡ್ಡಕ್ಕ ಕಲ್ಲಿಗೆ ಸುತ್ತಿ, ಬೆಳಿಗ್ಗೆ ಹೋಗುವಾಗ ಜಾಲರಿಯ ತೂತಿನಿಂದ ಬಾವಿಗೆ ಹಾಕಿದಳು.

ನಾನು ಹೇಳುತ್ತಿರುವ ರಾತ್ರಿ ಕಳೆದರೆ ವಿಚಾರಣೆ. ಹೊಸ ಹಾಳೆ ನಿಜ ಅಂತ ದೊಡ್ಡಕ್ಕ ಒಂದು ಮಾತು ಅಂದರೆ ಸಾಕು, ಗುಬ್ಬಿ ಜನ್ಮದಲ್ಲಿ ಇನ್ನು ಸಿರಿಂಜು ಹಿಡಿಯುವ ಹಾಗಿಲ್ಲ. ಹಾಗೆ ಅನ್ನುವುದಕ್ಕೇ ದೊಡ್ಡಕ್ಕ ಸಜ್ಜಾಗಿದ್ದಳು.

ಈಗ ಬಾವಿಯ ಹತ್ತಿರ ಬನ್ನಿ.

ಟೊಕ್.

ಕಲ್ಲಿನ ಸದ್ದಲ್ಲ, ಕಬ್ಬಿಣದ್ದೂ ಅಲ್ಲ. ಮೊಣಕಾಲಿನ ಮೇಲೆ ರಬ್ಬರು ಬಿದ್ದ ಸದ್ದು. ಮೇಲೆ ಮೆತ್ತಗೆ, ಒಳಗೆ ಗಟ್ಟಿ. ಇಪ್ಪತ್ತು ವರ್ಷದ ಕಿವಿಗೆ ಗೊತ್ತಾಗದೆ ಇರುತ್ತದೆಯೇ...

ಟೊಕ್... ಟೊಕ್.

ಬಾವಿಕಟ್ಟೆಯ ಮೇಲೆ ಒಬ್ಬಳು ಕೂತಿದ್ದಳು. ತುಂಬು ಹೊಟ್ಟೆ. ಕೊರಳಲ್ಲಿ ಅಳತೆ ಟೇಪು. ಎರಡೂ ಕಾಲು ಇಳಿಬಿಟ್ಟಿದ್ದಳು, ತಟ್ಟಿಸಿಕೊಳ್ಳುವವರು ಕೂರುವ ಹಾಗೆ.

"ಅಕ್ಕಾ," ಪಿಸುದನಿ. "ನೋಡಲ್ವಾ?"

ದೊಡ್ಡಕ್ಕ ಓಡಿದಳು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮನೆಯಲ್ಲಿ ಯಾರೂ ಇಲ್ಲ, ಗಂಡ ಕೆಲಸದ ಮೇಲೆ ಹೊರಗೆ ಹೋಗಿದ್ದ. ಚಿಲಕ ಹಾಕಿ ಮಂಚದ ಮೇಲೆ ಕುಸಿದಳು. ಕರೆಂಟು ಹೋಯಿತು.

ಹನ್ನೆರಡು ಹೊಡೆಯಿತು. ಟೊಕ್. ಈ ಸಲ ಪೆಟ್ಟು ಬಿದ್ದದ್ದು ಅವಳ ಮೊಣಕಾಲಿಗೇ. ಕಾಲು ಚಿಮ್ಮಿತು. "ಸರಿ," ಅಂದಿತು ದಿಂಬಿನ ಪಕ್ಕದಲ್ಲೊಂದು ದನಿ. ಕಾಗದದ ಮೇಲೆ ಪೆನ್ನು ಆಡಿತು, ಪರಪರ.

ಒಂದು ಗಂಟೆ. ಟೊಕ್. ಕಾಲು ಕೊಂಚ ಅಲುಗಿತು, ಅಷ್ಟೇ. ಎದ್ದು ಹೊರಗೆ ಓಡೋಣ ಅಂದರೆ ಸೊಂಟದ ಕೆಳಗೆ ಮರಳಿನ ಮೂಟೆ.

ಎರಡು. ಟೊಕ್... ಏನೂ ಇಲ್ಲ. ಟೊಕ್... ಬೇರೆ ಯಾರದೋ ಕಾಲಿಗೆ ಹೊಡೆದ ಹಾಗೆ. ಬಾಯಿ ತುಂಬ ನಾಲಿಗೆ. ಆ ದನಿ ಅವಳ ಉಸಿರು ಎಣಿಸತೊಡಗಿತು. ಆತುರವಿಲ್ಲ, ಬಟ್ಟೆ ಅಳೆಯುವವರ ಹಾಗೆ. ನಿಮಿಷಕ್ಕೆ ಹನ್ನೆರಡು... ಎಂಟು... ಐದು.

"ಏನ್ ಬೇಕಮ್ಮಾ ನಿಂಗೆ?" ದೊಡ್ಡಕ್ಕ ತೊದಲಿದಳು.

"ಏನಿಲ್ಲ ಅಕ್ಕಾ. ಮೂರಕ್ಕೆ ಹತ್ತು ನಿಮಿಷ ಇರೋ ಹೊತ್ತಿಗೆ ಕಾಯ್ತಿದ್ದೀನಿ."

"ತಪ್ಪು ನಂದೇ. ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತೀನಿ."

"ಹೇಳೋದು ಬೇಡ. ನೀವು ಬರೆಯೋದರಲ್ಲಿ ಗಟ್ಟಿಗರು. ಬರೀರಿ."

ಕೈಗೆ ಪೆನ್ನೂ ಕಾಗದವೂ ಬಂದವು. ಎಲ್ಲಿಂದ ಅಂತ ಕೇಳಬೇಡಿ. ಕತ್ತಲಲ್ಲೇ ಬರೆದಳು. ಸುತ್ತಿಗೆ ಮುಟ್ಟಲಿಲ್ಲ, ಮೊಣಕಾಲು ನೋಡಲಿಲ್ಲ, ಸೂಜಿ ಚುಚ್ಚಿದವಳು ನಾನು, ಗುಬ್ಬಿಯಲ್ಲ. ಸಹಿ ಹಾಕಿದ ಮೇಲೆ ಎದೆಗೆ ಗಾಳಿ ಬಂತು. ಕಾಲು ಮಾತ್ರ ಹಾಗೇ. ಅವಳು ಅಂಗಲಾಚಿದಳು, "ಕಾಲು...?"

"ಅದು ನನಗಿರಲಿ."

ಬೆಳಿಗ್ಗೆ ಗೋಡೆ ಹಿಡಿದು, ಆಟೋ ಹತ್ತಿ, ಆ ಕಾಗದವನ್ನು ಅವಳೇ ಒಯ್ದು ಕೊಟ್ಟಳು. ಗುಬ್ಬಿಯನ್ನು ವಾಪಸು ಕರೆಸಿದರು. ದೊಡ್ಡಕ್ಕನ ಕೆಲಸ ಹೋಯಿತು. ಯಾವ್ಯಾವ ಡಾಕ್ಟರೋ ನೋಡಿದರು, ನರ ಸರಿ ಇದೆ, ಬೆನ್ನುಮೂಳೆ ಸರಿ ಇದೆ ಅಂದರು. ಆದರೆ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಇವತ್ತಿಗೂ ಅವಳು ಪಾದ ನೋಡಿಕೊಂಡೇ ಹೆಜ್ಜೆ ಇಡುತ್ತಾಳೆ, ಕಣ್ಣು ತೆಗೆದರೆ ಬೀಳುತ್ತಾಳೆ.

ನರಗಳ ಕಾಯಿಲೆ ಅಂತೀರಿ, ಭಯ ಅಂತೀರಿ. ನಾನೂ ಓದಿದವನೇ, ನಾನೂ ಅಂದಿದ್ದೆ. ವಾರದ ಮೇಲೆ ಅವಳ ಗಂಡ ದಿಂಬಿನ ಚೀಲ ಒಗೆಯಲು ತೆಗೆದಾಗ ಒಳಗಿಂದ ಆ ಚಾರ್ಟು ಬಿತ್ತು, ಬಾವಿಗೆ ಹಾಕಿದ್ದು. ಕಲ್ಲಿಗೆ ಸುತ್ತಿದ ಮುದುರು ಹಾಗೇ ಇತ್ತು. ಒಂದು ಹನಿ ನೀರಿನ ಕಲೆ ಇಲ್ಲ. ಮೂರು ಗಂಟೆಯ ಸಾಲು, ನಾಲ್ಕು ಗಂಟೆಯ ಸಾಲು, ಆರರವರೆಗೆ ಎಲ್ಲವನ್ನೂ ದಾರದಲ್ಲಿ ಹೊಲಿದು ಮುಚ್ಚಿತ್ತು. ಅಂಗಿಯ ಗುಂಡಿ ಕಿತ್ತರೂ ಹೊರಗೆ ಕೊಟ್ಟು ಹಾಕಿಸುವ ಮನೆ ಅದು, ಸೂಜಿಯೇ ಇಲ್ಲ. ಹಾಳೆಯನ್ನು ನಾನೇ ಕೈಯಲ್ಲಿ ಹಿಡಿದು ತಿರುವಿ ನೋಡಿದ್ದೇನೆ, ಸುಳ್ಳು ಹೇಳುವ ವಯಸ್ಸಲ್ಲ ನನ್ನದು.

ದಾರಕ್ಕೆ ಹಿಂಬದಿಯಲ್ಲೂ ಗಂಟು ಇರಲಿಲ್ಲ.