ಅಂಗಿಯ ತೋಳಿನೊಳಗೆ
ಕಜಕ್ ಬಯಲಿನ ನಮ್ಮೂರ ಶಿಕ್ಷಣ ಕಚೇರಿ. ಇರುವುದು ಒಂದೇ ಶಿಕ್ಷಕಿ ಹುದ್ದೆ. ಸಂದರ್ಶನಕ್ಕೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ತಂದೆ, ಮಗಳು ಪಿಸುಗುಡುತ್ತಿದ್ದರು.

“ಸಾಹೇಬ್ರ ಅಂಗಿ ತೋಳಿನ ತುದಿಗೆ ನಮ್ ಅಂಗಿ ತೋಳಿನ ತುದಿ ಸೇರಿಸಿಯಾಯ್ತು, ಮಾರ್ಜಾನ್. ಕೆಲಸ ನಿಂದೇ.”

“ಲಂಚ ಕೊಟ್ಯಾ, ಅಪ್ಪಾ?”

“ಥೂ, ಹಾಗನ್ಬೇಡ್ವೇ. ಕುದುರೆ ಸಂತೇಲಿ ನಿಮ್ಮಜ್ಜನೂ ನಿಲುವಂಗಿ ತೋಳೊಳಗೇ ಎದುರಿನವನ ಬೆರಳು ಒತ್ತಿ ಬೆಲೆ ಹೇಳ್ತಿದ್ದ. ಆ ಮಾತು ಹುಟ್ಟಿದ್ದೇ ಅಲ್ಲಿ.”

“ಮುಚ್ಚಿಟ್ಟು ಯಾಕೆ?”

“ಕಷ್ಟಕ್ಕೆ ಕುದುರೆ ಮಾರೋನ ಮಾನ ನಾಲ್ಕು ಜನರೆದುರು ಹೋಗ್ಬಾರ್ದು ಅಂತ.”

“ಹಾಗಾದ್ರೆ ಇವತ್ತು ನೀನು ಸಂತೆಗೆ ತಂದಿರೋ ಕುದುರೆ ನಾನೇನಾ?”

ಜವಾನ ಬಾಗಿಲಲ್ಲಿ ಅವಳ ಹೆಸರು ಕೂಗಿದ.

“ಇವರನ್ನ ಕರೀರಿ,” ಎಂದು ನನ್ನತ್ತ ಕೈತೋರಿಸಿ ಅವಳು ಮೆಟ್ಟಿಲಿಳಿದಳು. ತಂದೆ ನನ್ನ ಮುಖ ನೋಡದೆ ಅವಳ ಹಿಂದೆ ಹೊರಟ.