ಬಳೆಗೆ ಬಿದ್ದ ಸುಂಕ

೧೯೩೮ರಲ್ಲಿ ಹುಮನಾಬಾದಿನಲ್ಲಿ ಮೋಟಾರಿಗೆ ಕಾಯುತ್ತಿದ್ದೆ. ಪಕ್ಕದಲ್ಲೇ ಬಳೆಗಾರ್ತಿ ಬಿಸ್ಮಿಲ್ಲಾ ಬೀ, ಅದೇ ಮೋಟಾರಿಗೆ ಕಾಯುತ್ತಿದ್ದ ಗಯಾಬಾಯಿಗೆ ಬಳೆ ತೊಡಿಸುತ್ತಿದ್ದಳು.

“ಇಷ್ಟೇ ರೊಕ್ಕಕ್ಕ ಡಜನ್ ಇಡತಿದ್ದಿ. ಈ ಸಲ ಹತ್ತೇ ಯಾಕ, ಬೀ?”

“ಸೋಲಾಪುರದಿಂದ ಬರೋ ಮಾಲಿಗೆ ಸರಹದ್ದಿನ ನಾಕಾದಾಗ ಸುಂಕ ಏರಿಸ್ಯಾರ, ಬಾಯಿ.”

“ಸುಂಕ ಮಾಲು ತರೋ ಸೇಠ ಕಟ್ಟಬೇಕಲ್ಲ?”

“ಕಟ್ಟತಾನ್ರಿ. ಆಮ್ಯಾಲ ಮಾಲಿನ ರೇಟು ಏರಿಸಿ ನನಗ ಹಚ್ಚತಾನ.”

“ನೀ ನನಗ ಹಚ್ಚಿದಿ.”

“ಎಲ್ಲಾ ಹಚ್ಚಿದ್ರ ನೀವು ತಗೋತೀರೇನ್ರಿ? ಅರ್ಧ ನಾನೇ ಹೊತ್ತೇನಿ. ದುಬಲಗುಂಡಿಗೆ ಮೋಟಾರು ಬಿಟ್ಟು ನಡದೇ ಹೋಗಾಕತ್ತೇನಿ.”

ಗಯಾಬಾಯಿ ಆಕೆಯ ಧೂಳು ಮೆತ್ತಿದ ಕಾಲುಗಳನ್ನು ನೋಡಿದಳು.

“ಹಂಗಾದ್ರ ಸೇಠಗ ಏನೂ ಹೋಗಲಿಲ್ಲೇನು?”

“ಅದನ್ನ ಅವನಿಗೇ ಕೇಳಬೇಕ್ರಿ.”

ಮೋಟಾರು ಬಂತು. ಗಯಾಬಾಯಿ ಹತ್ತಿ, ಕಿಟಕಿಯಿಂದ ಬಗ್ಗಿ ಕೇಳಿದಳು:

“ಮತ್ತ ನಾ ಯಾರಿಗೆ ಹಚ್ಚಲಿ, ಬೀ?”

ಬಿಸ್ಮಿಲ್ಲಾ ಬೀ ನಗುತ್ತ ಬುಟ್ಟಿ ಹೊತ್ತು ದುಬಲಗುಂಡಿಯ ದಾರಿ ಹಿಡಿದಳು.